ಪ್ರಷ್ಯಾದ ಜಿ 8.1 ಗೂಡ್ಸ್ ಇಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಉಗಿ ಇಂಜಿನ್‌ಗಳ ಮಾತು ಬಂದಾಗ ಎಲ್ಲರೂ ಓಡುವುದು ಎಕ್ಸ್‌ಪ್ರೆಸ್ ಇಂಜಿನ್‌ಗಳ ಕಡೆಗೆ. ದೊಡ್ಡ ಚಕ್ರ, ಮಿಂಚುವ ಬಣ್ಣ, ವೇಗದ ದಾಖಲೆ. ಗೂಡ್ಸ್ ಇಂಜಿನ್ ಬಗ್ಗೆ ಕೇಳುವವರು ಕಡಿಮೆ. ಆದರೆ ಒಂದು ದೇಶದ ರೈಲ್ವೆ ನಿಜವಾಗಿ ಹೇಗೆ ನಡೆಯಿತು ಅಂತ ತಿಳಿಯಬೇಕಾದರೆ ಕಲ್ಲಿದ್ದಲು ಎಳೆದ ಇಂಜಿನ್‌ಗಳನ್ನೇ ನೋಡಬೇಕು. ಜರ್ಮನಿಯ ಮಟ್ಟಿಗೆ ಅದರಲ್ಲಿ ಮೊದಲು ಬರುವ ಹೆಸರು ಜಿ 8.1. ಇದರ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಜಿ 8.1 ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

1913ರಿಂದ 1921ರವರೆಗೆ ತಯಾರಾದ, ನಾಲ್ಕು ಜೋಡಿ ಚಕ್ರದ, ಎರಡು ಸಿಲಿಂಡರಿನ ಗೂಡ್ಸ್ ಇಂಜಿನ್. ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಸರಕಾರಿ ರೈಲ್ವೆಗಾಗಿ ಮಾಡಿದ್ದು. ಒಟ್ಟು ಸುಮಾರು 5,000 ತಯಾರಾದವು. ಜರ್ಮನಿಯ ರಾಜ್ಯಗಳು ತಮ್ಮ ತಮ್ಮ ರೈಲ್ವೆ ನಡೆಸುತ್ತಿದ್ದ ಕಾಲದಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಬೇರೆ ಯಾವ ಇಂಜಿನ್ನೂ ಬಂದಿಲ್ಲ. ಎರಡನೇ ಮಹಾಯುದ್ಧದಲ್ಲಿ ಆರು ಸಾವಿರಕ್ಕೂ ಮೀರಿ ತಯಾರಾದ 52ನೇ ವರ್ಗದ ಇಂಜಿನ್ ಬರುವವರೆಗೂ ಇದನ್ನು ಸಂಖ್ಯೆಯಲ್ಲಿ ಹಿಂದೆ ಹಾಕಿದ ಜರ್ಮನ್ ಇಂಜಿನ್ ಇರಲಿಲ್ಲ.

ಈ "ಜಿ", "8", ಮೇಲೆ ಸಣ್ಣದಾಗಿ "1", ಇದೆಲ್ಲ ಏನು?

ಪ್ರಷ್ಯಾದವರು ಇಂಜಿನ್‌ಗೆ ಕೆಲಸದ ಪ್ರಕಾರ ಅಕ್ಷರ ಕೊಡುತ್ತಿದ್ದರು. ಗೂಡ್ಸ್‌ಗೆ ಜಿ, ಪ್ಯಾಸೆಂಜರ್‌ಗೆ ಪಿ, ಎಕ್ಸ್‌ಪ್ರೆಸ್‌ಗೆ ಎಸ್, ನೀರು ಮತ್ತು ಕಲ್ಲಿದ್ದಲನ್ನು ತನ್ನ ಮೈಮೇಲೇ ಹೊತ್ತು ಓಡುವ ಇಂಜಿನ್‌ಗೆ ಟಿ. ಅಕ್ಷರದ ಜೊತೆಗಿನ ಅಂಕಿ ಯಾವ ಬಗೆ ಅನ್ನುವುದನ್ನು ಹೇಳುತ್ತದೆ. ಆ ಬಗೆಯಲ್ಲೇ ಬದಲಾವಣೆ ಮಾಡಿದರೆ ಮೇಲೆ ಸಣ್ಣ ಅಂಕಿ ಸೇರುತ್ತದೆ (ಇಲ್ಲಿ ಅದನ್ನು ಚುಕ್ಕಿ ಇಟ್ಟು ಬರೆದಿದ್ದೇನೆ). ಜಿ 8 ಮೊದಲು ಬಂತು, ಅದನ್ನೇ ಬಲಪಡಿಸಿ ಮಾಡಿದ್ದು ಜಿ 8.1. ಶುರುವಿನಲ್ಲಿ ಇದಕ್ಕೆ ಬೇರೆ ಹೆಸರೇ ಇರಲಿಲ್ಲ, "ಬಲಪಡಿಸಿದ ಜಿ 8" ಅಂತಲೇ ಕರೆಯುತ್ತಿದ್ದರು.

ಇನ್ನೊಂದು ವಿಷಯ. ಆಗಿನ ಪ್ರಷ್ಯಾದಲ್ಲಿ ಇಂಜಿನ್ನಿನ ನಂಬರಿಗೆ ವಿಭಾಗದ ಹೆಸರೂ ಸೇರಿರುತ್ತಿತ್ತು. "4981 ಮೈನ್ಸ್" ಅಂದರೆ ಮೈನ್ಸ್ ವಿಭಾಗದ 4981. ಅದೇ 4981 ಬೇರೆ ವಿಭಾಗದಲ್ಲೂ ಇರಬಹುದು. ಹಳೇ ಫೋಟೋದಲ್ಲಿ ಬರೀ ನಂಬರ್ ನೋಡಿ ಇದೇ ಇಂಜಿನ್ ಅಂತ ತೀರ್ಮಾನ ಮಾಡಬೇಡಿ, ಅದರ ಜೊತೆಗಿನ ಊರಿನ ಹೆಸರನ್ನೂ ಓದಿ.

ಜಿ 8.1 ಬರುವ ಮುಂಚೆ ಏನಿತ್ತು?

1890ರ ದಶಕದಲ್ಲಿ ಜಿ 7 ಅನ್ನುವ ನಾಲ್ಕು ಅಚ್ಚಿನ ಇಂಜಿನ್‌ಗಳು ಬಂದವು. ಅವುಗಳಲ್ಲಿ ಎರಡು ಬಗೆ. ಒಂದರಲ್ಲಿ ಉಗಿ ಎರಡು ಸಿಲಿಂಡರಿಗೂ ನೇರವಾಗಿ ಹೋಗುತ್ತಿತ್ತು. ಇನ್ನೊಂದು ಕಾಂಪೌಂಡ್, ಅಂದರೆ ಉಗಿ ಮೊದಲು ಸಣ್ಣ ಸಿಲಿಂಡರಿನಲ್ಲಿ ಕೆಲಸ ಮಾಡಿ, ಒತ್ತಡ ಸ್ವಲ್ಪ ಇಳಿದ ಮೇಲೆ ದೊಡ್ಡ ಸಿಲಿಂಡರಿಗೆ ಹೋಗಿ ಮತ್ತೊಮ್ಮೆ ದುಡಿಯುತ್ತಿತ್ತು. ಕಲ್ಲಿದ್ದಲು ಉಳಿಸಬೇಕಾದರೆ ಆ ಕಾಲಕ್ಕೆ ಕಾಂಪೌಂಡೇ ದಾರಿ ಅಂತ ತುಂಬಾ ಜನ ನಂಬಿದ್ದರು. ದಕ್ಷಿಣ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಂತೂ ಆ ನಂಬಿಕೆ ಬಹಳ ಕಾಲ ಉಳಿಯಿತು.

ಪ್ರಷ್ಯಾ ಬೇರೆ ದಾರಿ ಹಿಡಿಯಿತು. ಅದಕ್ಕೆ ಇಬ್ಬರು ಕಾರಣ.

ಯಾರು ಆ ಇಬ್ಬರು?

ಇಂಜಿನಿಯರ್ ವಿಲ್ಹೆಲ್ಮ್ ಶ್ಮಿಟ್ ಮತ್ತು ರೈಲ್ವೆ ಅಧಿಕಾರಿ ರಾಬರ್ಟ್ ಗಾರ್ಬೆ. ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಮಾಮೂಲಿ ಬಾಯ್ಲರಿನಲ್ಲಿ 12 ಬಾರ್ ಒತ್ತಡಕ್ಕೆ ಉಗಿಯ ಉಷ್ಣತೆ ಸುಮಾರು 190 ಡಿಗ್ರಿ. ಇದು ಹಸಿ ಉಗಿ. ಸ್ವಲ್ಪ ತಣ್ಣಗಿನ ಲೋಹ ತಾಗಿದರೆ ಸಾಕು, ಮತ್ತೆ ನೀರಾಗುತ್ತದೆ. ಸಿಲಿಂಡರಿನ ಗೋಡೆ ಪ್ರತಿ ಸಲ ಉಗಿ ಹೊರಗೆ ಹೋದಾಗ ತಣಿಯುತ್ತದೆ, ಹೊಸ ಉಗಿ ಬಂದ ಕೂಡಲೇ ಅದರಲ್ಲಿ ಒಂದು ಪಾಲು ಆ ಗೋಡೆ ಮೇಲೇ ನೀರಾಗಿ ಇಳಿಯುತ್ತದೆ. ಆ ಪಾಲು ಪಿಸ್ಟನ್ ತಳ್ಳುವುದಿಲ್ಲ. ಫೈರ್‌ಮನ್ ಬೆವರು ಸುರಿಸಿ ಹಾಕಿದ ಕಲ್ಲಿದ್ದಲಿನ ಒಂದಂಶ ಹೀಗೆ ದಂಡವಾಗುತ್ತಿತ್ತು.

ಶ್ಮಿಟ್ ಹೇಳಿದ್ದು ಇಷ್ಟೇ: ಬಾಯ್ಲರಿನಿಂದ ಹೊರಬಂದ ಉಗಿಯನ್ನು ಸಿಲಿಂಡರಿಗೆ ಕಳಿಸುವ ಮುಂಚೆ ಇನ್ನೊಂದು ಸಲ ಕಾಯಿಸಿ. 300 ಡಿಗ್ರಿ ದಾಟಿಸಿ, 350ರ ಹತ್ತಿರ ತನ್ನಿ. ಆಗ ಅದು ಸಿಲಿಂಡರಿನ ಗೋಡೆಗೆ ಸ್ವಲ್ಪ ಶಾಖ ಕೊಟ್ಟರೂ ಉಗಿಯಾಗೇ ಉಳಿಯುತ್ತದೆ. ಜೊತೆಗೆ ಕಾದ ಉಗಿ ಹೆಚ್ಚು ಜಾಗ ತುಂಬುತ್ತದೆ, ಹಾಗಾಗಿ ಅದೇ ಕೆಲಸಕ್ಕೆ ಕಡಿಮೆ ನೀರು ಸಾಕು. 1898ರಲ್ಲಿ ಪ್ರಷ್ಯಾದಲ್ಲಿ ಇದನ್ನು ಎರಡು ಇಂಜಿನ್‌ಗಳಲ್ಲಿ ಪ್ರಯೋಗ ಮಾಡಿದರು. ಒಂದು ಎಕ್ಸ್‌ಪ್ರೆಸ್‌ನದು, ಒಂದು ಪ್ಯಾಸೆಂಜರಿನದು.

ಹೇಳುವುದು ಸುಲಭ. ಮಾಡುವುದು ಕಷ್ಟವಿತ್ತು. ಅಷ್ಟು ಬಿಸಿ ಉಗಿಗೆ ಹಳೇ ಎಣ್ಣೆ ಸುಟ್ಟುಹೋಗುತ್ತಿತ್ತು. ಚಪ್ಪಟೆ ವಾಲ್ವ್‌ಗಳು ಆ ಶಾಖಕ್ಕೆ ಒಗ್ಗುತ್ತಿರಲಿಲ್ಲ. ಹೊಸ ಬಗೆಯ ಎಣ್ಣೆ, ಪಿಸ್ಟನ್ ವಾಲ್ವ್, ಹೊಸ ಪ್ಯಾಕಿಂಗ್, ಎಲ್ಲ ಬೇಕಾಯಿತು. ಉಗಿ ಕಾಯಿಸುವ ಕೊಳವೆಗಳನ್ನು ಎಲ್ಲಿಡಬೇಕು ಅನ್ನುವುದೇ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಮೊದಲು ಅವು ಇಂಜಿನ್ನಿನ ಮುಂದಿನ ಹೊಗೆಪೆಟ್ಟಿಗೆಯಲ್ಲಿದ್ದವು. ಆಮೇಲೆ ಬಾಯ್ಲರಿನ ಒಳಗೇ ದಪ್ಪ ಹೊಗೆ ಕೊಳವೆಗಳನ್ನು ಹಾಕಿ, ಅವುಗಳೊಳಗೆ ಸಣ್ಣ ಉಗಿ ಕೊಳವೆಗಳನ್ನು ತೂರಿಸಿದರು. ಕುಲುಮೆಯಿಂದ ಬರುವ ಬಿಸಿ ಗಾಳಿ ಆ ದಪ್ಪ ಕೊಳವೆಯಲ್ಲಿ ಹಾದುಹೋಗುವಾಗ ಒಳಗಿನ ಉಗಿ ಕಾಯುತ್ತದೆ. ಈ ಏರ್ಪಾಟು ಎಷ್ಟು ಸರಿ ಕೂತಿತು ಅಂದರೆ, ಪ್ರಪಂಚದ ತುಂಬಾ ಉಗಿ ಇಂಜಿನ್ ಮುಗಿಯುವವರೆಗೂ ಮೂಲ ರೂಪದಲ್ಲಿ ಅದೇ ಉಳಿಯಿತು.

ಗಾರ್ಬೆ ಬರ್ಲಿನ್ ವಿಭಾಗದಲ್ಲಿ ಇಂಜಿನ್ ಖರೀದಿ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಶ್ಮಿಟ್‌ನ ಮಾತನ್ನು ಮೊದಲಿಗೇ ನಂಬಿದವರು. ಅವರ ವಾದ ಬಹಳ ನೇರ: ಉಗಿಯನ್ನು ಚೆನ್ನಾಗಿ ಕಾಯಿಸಿದರೆ ಕಾಂಪೌಂಡಿನ ಗೋಜಲು ಯಾಕೆ ಬೇಕು? ಎರಡೇ ಸಿಲಿಂಡರ್ ಸಾಕು, ಎರಡೂ ಹೊರಗೇ ಇರಲಿ, ಎಣ್ಣೆ ಹಾಕುವವನಿಗೆ ಕೈಗೆ ಸಿಗಲಿ. ಈ ಯೋಚನೆಯಿಂದಲೇ 1902ರಲ್ಲಿ ಜಿ 8 ಬಂತು, 1906ರಲ್ಲಿ ಪಿ 8 ಬಂತು. ನನ್ನ ಅಭಿಪ್ರಾಯ ಕೇಳಿದರೆ, ಎಕ್ಸ್‌ಪ್ರೆಸ್ ಇಂಜಿನ್ ವಿಷಯದಲ್ಲಿ ಗಾರ್ಬೆ ಸ್ವಲ್ಪ ಹಟ ಮಾಡಿದರು ಅಂತಲೇ ಅನಿಸುತ್ತದೆ. ಆದರೆ ಗೂಡ್ಸ್ ವಿಷಯದಲ್ಲಿ ಅವರು ನೂರಕ್ಕೆ ನೂರು ಸರಿ. ದಿನಾ ಮಣ್ಣು, ಮಸಿ, ಭಾರದ ಮಧ್ಯೆ ದುಡಿಯುವ ಇಂಜಿನ್ನಿಗೆ ಸರಳತೆಗಿಂತ ದೊಡ್ಡ ಗುಣ ಇಲ್ಲ.

ಜಿ 8 ಅಷ್ಟು ಚೆನ್ನಾಗಿದ್ದರೆ ಜಿ 8.1 ಯಾಕೆ ಬೇಕಾಯಿತು?

ಜಿ 8 ಸಾವಿರಕ್ಕೂ ಜಾಸ್ತಿ ತಯಾರಾಯಿತು, ಕೆಲಸಕ್ಕೆ ಬರಲಿಲ್ಲ ಅನ್ನುವ ಮಾತೇ ಇಲ್ಲ. ಆದರೆ ಅದು ಹಳೇ ಹಳಿಗಳ ಕಾಲದ ಇಂಜಿನ್. ಒಂದು ಅಚ್ಚಿನ ಮೇಲೆ ಸುಮಾರು 14 ಟನ್ ಭಾರ ಮೀರಬಾರದು ಅನ್ನುವ ಲೆಕ್ಕದಲ್ಲಿ ಮಾಡಿದ್ದು. ಅದಕ್ಕೆ ತಕ್ಕಂತೆ ಬಾಯ್ಲರೂ ಸಣ್ಣದು.

ಅಷ್ಟರಲ್ಲಿ ರೂರ್ ಕಡೆ, ಮೇಲಿನ ಸೈಲೀಸಿಯಾ ಕಡೆ ಗಣಿ ಮತ್ತು ಉಕ್ಕಿನ ಕಾರ್ಖಾನೆಗಳು ಬೆಳೆಯುತ್ತಲೇ ಇದ್ದವು. ಕಲ್ಲಿದ್ದಲು ಒಂದು ಕಡೆಯಿಂದ, ಕಬ್ಬಿಣದ ಅದಿರು ಇನ್ನೊಂದು ಕಡೆಯಿಂದ, ಗಾಡಿಗಳು ಉದ್ದವಾಗುತ್ತಾ ಹೋದವು. ಮುಖ್ಯ ಮಾರ್ಗಗಳಲ್ಲಿ ಹಳಿ ಮತ್ತು ಸೇತುವೆಗಳನ್ನು ಗಟ್ಟಿ ಮಾಡಿದ್ದರಿಂದ ಅಚ್ಚಿಗೆ 17 ಟನ್‌ವರೆಗೆ ಭಾರ ಹಾಕಬಹುದಾಯಿತು. ಹಾಗಾದರೆ ಅದೇ ನಾಲ್ಕು ಅಚ್ಚು ಇಟ್ಟುಕೊಂಡು ಮೇಲಿನ ಬಾಯ್ಲರನ್ನೇ ದೊಡ್ಡದು ಮಾಡಿದರೆ? ಅದೇ ಜಿ 8.1. ಗಾರ್ಬೆ 1912ರಲ್ಲಿ ನಿವೃತ್ತರಾಗಿದ್ದರು, ಇದು ಬಂದದ್ದು 1913ರಲ್ಲಿ. ಆದರೂ ಇದರ ಮೈಯೆಲ್ಲ ಅವರ ಯೋಚನೆಯೇ.

ಅಂಕಿ ಅಂಶ ಸ್ವಲ್ಪ ಹೇಳಿ.

ಚಕ್ರದ ಅಡ್ಡಳತೆ 1,350 ಮಿಲಿಮೀಟರ್. ಸಿಲಿಂಡರಿನ ಅಡ್ಡಳತೆ 600, ಪಿಸ್ಟನ್ ಹೋಗಿಬರುವ ದೂರ 660 ಮಿಲಿಮೀಟರ್. ಬಾಯ್ಲರ್ ಒತ್ತಡ 14 ಬಾರ್, ಜಿ 8ರಲ್ಲಿ ಇದು 12 ಇತ್ತು. ಸಿಲಿಂಡರಿನಲ್ಲಿ ಅಳೆದ ಶಕ್ತಿ ಸುಮಾರು 1,260 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ 55 ಕಿಲೋಮೀಟರ್. ಟೆಂಡರ್, ಅಂದರೆ ಹಿಂದೆ ಜೋಡಿಸಿದ ನೀರು ಮತ್ತು ಕಲ್ಲಿದ್ದಲಿನ ಗಾಡಿ ಬಿಟ್ಟು, ಇಂಜಿನ್ನಿನ ತೂಕವೇ ಸುಮಾರು 70 ಟನ್.

ಈ ಕೊನೆಯ ಅಂಕಿ ನೆನಪಿಟ್ಟುಕೊಳ್ಳಿ. ಈ ಇಂಜಿನ್ನಿನ ಒಳ್ಳೇದು ಕೆಟ್ಟದ್ದು ಎರಡೂ ಆ 70 ಟನ್‌ನಲ್ಲೇ ಇದೆ.

ತೂಕ ಜಾಸ್ತಿ ಇದ್ದರೆ ಒಳ್ಳೇದು ಹೇಗೆ? ಇಂಜಿನ್ ಹಗುರ ಇದ್ದರೆ ಚೆನ್ನ ಅಲ್ವಾ?

ಓಡುವುದಕ್ಕೆ ಹಗುರ ಚೆನ್ನ. ಎಳೆಯುವುದಕ್ಕೆ ಭಾರವೇ ಬೇಕು. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಹಿಡಿತ ಪಡೆಯುವುದು ಅದರ ಮೇಲಿರುವ ಭಾರದಿಂದ. ಒಣ ಹಳಿಯಲ್ಲಿ ಚಕ್ರದ ಮೇಲಿರುವ ಭಾರದ ಕಾಲು ಪಾಲಿನಷ್ಟು ಬಲದಲ್ಲಿ ಎಳೆಯಬಹುದು ಅನ್ನುವುದು ಅಂದಾಜು ಲೆಕ್ಕ. ಅದಕ್ಕಿಂತ ಜಾಸ್ತಿ ಉಗಿ ಬಿಟ್ಟರೆ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ, ಗಾಡಿ ಅಲ್ಲಾಡುವುದಿಲ್ಲ.

ಎಕ್ಸ್‌ಪ್ರೆಸ್ ಇಂಜಿನ್ನಿನಲ್ಲಿ ಮುಂದೆ ಸಣ್ಣ ಚಕ್ರಗಳಿರುತ್ತವೆ, ಕೆಲವಕ್ಕೆ ಹಿಂದೆಯೂ ಇರುತ್ತವೆ. ತೂಕದ ಒಂದು ಪಾಲು ಅವುಗಳ ಮೇಲೆ ಹೋಗುತ್ತದೆ, ಅದು ಎಳೆಯುವ ಕೆಲಸಕ್ಕೆ ಬರುವುದಿಲ್ಲ. ಜಿ 8.1ರಲ್ಲಿ ಅಂಥ ಚಕ್ರವೇ ಇಲ್ಲ. 70 ಟನ್ ಪೂರ್ತಿ ನಾಲ್ಕು ಅಚ್ಚಿನ ಮೇಲೆ, ನಾಲ್ಕೂ ಅಚ್ಚು ದುಡಿಯುವಂಥವು. ಅಂದರೆ ಸುಮಾರು 17 ಟನ್ ಎಳೆತಕ್ಕೆ ಬೇಕಾದ ಹಿಡಿತ ಸಿಕ್ಕಿತು. ನೂರಾರು ಟನ್ ಕಲ್ಲಿದ್ದಲು ತುಂಬಿ ನಿಂತ ಗಾಡಿಯನ್ನು ಮಳೆಗೆ ಒದ್ದೆಯಾದ ಯಾರ್ಡಿನಿಂದ ಮೊದಲ ಸಲ ಅಲುಗಾಡಿಸುವಾಗ ಡ್ರೈವರಿಗೆ ಬೇಕಾದದ್ದು ಇದೇ.

ಮತ್ತೆ ಕೆಟ್ಟದ್ದು ಏನು?

ಎರಡು ತೊಂದರೆ. ಒಂದು, ಅಚ್ಚಿಗೆ 17 ಟನ್ ಭಾರ ತಡೆಯುವ ಹಳಿ ಎಲ್ಲ ಕಡೆ ಇರಲಿಲ್ಲ. ಸಣ್ಣ ಮಾರ್ಗಗಳಿಗೆ ಇದನ್ನು ಕಳಿಸಲು ಆಗುತ್ತಿರಲಿಲ್ಲ.

ಎರಡನೆಯದು ಓಟ. ಇಂಜಿನ್ನನ್ನು ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ. ಹೊಗೆಪೆಟ್ಟಿಗೆ ಮತ್ತು ಭಾರವಾದ ಸಿಲಿಂಡರ್‌ಗಳು ಮೊದಲನೇ ಚಕ್ರಕ್ಕಿಂತ ಮುಂದೆ ಹೋಗಿ ನಿಂತಿವೆ, ಅವುಗಳ ಕೆಳಗೆ ಆಧಾರಕ್ಕೆ ಚಕ್ರ ಇಲ್ಲ. ಹಿಂದೆ ಡ್ರೈವರ್ ನಿಲ್ಲುವ ಜಾಗವೂ ಕೊನೇ ಚಕ್ರಕ್ಕಿಂತ ಆಚೆ. ಮೂಕಿ ಭಾರವಾದ ಎತ್ತಿನಗಾಡಿ ಓಡಿಸಿದವರಿಗೆ ಇದರ ಪಾಡು ತಕ್ಷಣ ಅರ್ಥವಾಗುತ್ತದೆ. ನಿಧಾನ ಹೋದರೆ ಏನೂ ಇಲ್ಲ, ವೇಗ ಹೆಚ್ಚಿದ ಹಾಗೆ ಮೂತಿ ಅತ್ತಿತ್ತ ಹೊಡೆಯುತ್ತದೆ. ಅದರ ಪೆಟ್ಟು ಹಳಿಗೂ ಬೀಳುತ್ತದೆ, ಮೊದಲನೇ ಚಕ್ರದ ಅಂಚಿಗೂ ಬೀಳುತ್ತದೆ, ಬೇರಿಂಗ್‌ಗೂ ಬೀಳುತ್ತದೆ. 55 ಕಿಲೋಮೀಟರ್ ಮಿತಿ ಇಟ್ಟದ್ದು ಸುಮ್ನೆ ಅಲ್ಲ.

55 ಕಿಲೋಮೀಟರ್ ಅಂದ್ರೆ ಆ ಕಾಲಕ್ಕೂ ಕಡಿಮೆ ಅಲ್ವಾ?

ಗೂಡ್ಸ್ ಗಾಡಿಗೆ ಆಗ ಅಷ್ಟು ಸಾಕಿತ್ತು. ಕಾರಣ ಬ್ರೇಕ್. ಜರ್ಮನಿಯ ಪ್ಯಾಸೆಂಜರ್ ಗಾಡಿಗಳಲ್ಲಿ ಗಾಳಿಯ ಬ್ರೇಕ್ ಬಂದು ಬಹಳ ಕಾಲವಾಗಿತ್ತು, ಆದರೆ ಗೂಡ್ಸ್ ಗಾಡಿಗಳಲ್ಲಿ ಇನ್ನೂ ಕೈಬ್ರೇಕೇ. ಹಳೇ ವ್ಯಾಗನ್ ಫೋಟೋಗಳಲ್ಲಿ ಒಂದು ತುದಿಗೆ ಎತ್ತರದಲ್ಲಿ ಸಣ್ಣ ಗೂಡು ಕಾಣುತ್ತದೆ ನೋಡಿ, ಅದು ಬ್ರೇಕ್‌ಮನ್ ಕೂರುವ ಜಾಗ. ಡ್ರೈವರ್ ಸೀಟಿ ಊದಿದಾಗ ಅಲ್ಲಲ್ಲಿ ಕೂತಿದ್ದ ಆ ಬ್ರೇಕ್‌ಮನ್‌ಗಳು ಹಿಡಿ ತಿರುಗಿಸಿ ಗಾಡಿ ನಿಲ್ಲಿಸಬೇಕು. ಚಳಿಗಾಲದ ರಾತ್ರಿ ಆ ಗೂಡಿನಲ್ಲಿ ಕೂತು ಕಿವಿಗೊಟ್ಟು ಕಾಯುವ ಕೆಲಸ ಎಂಥದ್ದು ಅಂತ ಯೋಚಿಸಿ. ಹೀಗಿರುವಾಗ ಸಾವಿರ ಟನ್ನಿನ ಗಾಡಿಯನ್ನು ಜೋರಾಗಿ ಓಡಿಸುವ ಮಾತೇ ಬರುವುದಿಲ್ಲ.

1918ರ ಹೊತ್ತಿಗೆ ಕುಂಟ್ಸೆ ಕ್ನಾರ್ ಅನ್ನುವ ಗಾಳಿ ಬ್ರೇಕ್ ಗೂಡ್ಸ್ ಗಾಡಿಗಳಿಗೆ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಅದನ್ನು ದೇಶದಾದ್ಯಂತ ವ್ಯಾಗನ್‌ಗಳಿಗೆ ಹಾಕಿದರು. ಗಾಡಿಗಳ ವೇಗ ಏರಿತು. ಜಿ 8.1ರ ಓಲಾಟ ದೊಡ್ಡ ತೊಂದರೆಯಾಗಿ ಕಂಡದ್ದು ಆವಾಗಿಂದ.

ಅದನ್ನು ಸರಿ ಮಾಡಲಿಲ್ವಾ?

ಮಾಡಿದರು. 1934ರಿಂದ 1941ರ ನಡುವೆ 691 ಇಂಜಿನ್‌ಗಳ ಮುಂಭಾಗದಲ್ಲಿ ಒಂದು ಜೋಡಿ ಸಣ್ಣ ಚಕ್ರ ಸೇರಿಸಿದರು. ಮುಂದಿನ ಭಾರ ಅದರ ಮೇಲೆ ಕೂತಿತು, ಮೂತಿ ಹೊಡೆಯುವುದು ಕಡಿಮೆಯಾಯಿತು, ವೇಗದ ಮಿತಿ 70 ಕಿಲೋಮೀಟರಿಗೆ ಏರಿತು. ದುಡಿಯುವ ಅಚ್ಚುಗಳ ಮೇಲಿನ ಭಾರ ಸ್ವಲ್ಪ ಇಳಿದದ್ದರಿಂದ, ಮೊದಲು ಹೋಗಲಾಗದ ಕೆಲವು ಮಾರ್ಗಗಳಿಗೂ ಹೋಗುವಂತಾಯಿತು. ಹೀಗೆ ಬದಲಾದ ಇಂಜಿನ್‌ಗಳು ರೈಲ್ವೆಯ ನಂಬರ್ ಪಟ್ಟಿಯಲ್ಲಿ 55ನೇ ವರ್ಗದಿಂದ (ಇದರ ವಿವರ ಕೆಳಗಿದೆ) 56ನೇ ವರ್ಗಕ್ಕೆ ಸೇರಿದವು. ಇಪ್ಪತ್ತು ವರ್ಷ ಹಳೆಯ ಇಂಜಿನ್‌ಗಳಿಗೆ ಇಷ್ಟು ಖರ್ಚು ಮಾಡಿದ್ದಾರೆ ಅಂದರೆ ಬಾಯ್ಲರ್ ಎಷ್ಟು ಗಟ್ಟಿಯಾಗಿತ್ತು ಅನ್ನುವುದು ಗೊತ್ತಾಗುತ್ತದೆ.

ಐದು ಸಾವಿರ ಯಾಕೆ ಬೇಕಾಯಿತು? ಅಷ್ಟೊಂದು ಸರಕು ಇತ್ತಾ?

ಸರಕು ಇತ್ತು, ಆದರೆ ಮುಖ್ಯ ಕಾರಣ ಯುದ್ಧ. ಜಿ 8.1 ಬಂದ ಮರುವರ್ಷವೇ ಮೊದಲನೇ ಮಹಾಯುದ್ಧ ಶುರುವಾಯಿತು. ಸೈನಿಕರು, ತೋಪು, ಮದ್ದುಗುಂಡು, ಕುದುರೆಗಳಿಗೆ ಮೇವು, ಎಲ್ಲ ರೈಲಿನಲ್ಲೇ ಹೋಗಬೇಕು. ಮೊದಲೇ ನಕ್ಷೆ ತಯಾರಿದ್ದ, ಹಲವು ಕಾರ್ಖಾನೆಗಳಿಗೆ ಕೈಗೂಡಿದ್ದ ಇಂಜಿನ್ ಇದು. ಹೆನ್ಶೆಲ್, ಶಿಖೌ, ಹನೊಮಾಗ್, ಲಿಂಕೆ ಹೋಫ್‌ಮನ್, ಶ್ವಾರ್ಟ್ಸ್‌ಕೋಫ್, ಹೀಗೆ ಬೇರೆ ಬೇರೆ ಊರಿನ ಕಾರ್ಖಾನೆಗಳು ಒಂದೇ ನಕ್ಷೆ ಹಿಡಿದು ಇದನ್ನು ಮಾಡಿದವು. ಒಂದು ಕಾರ್ಖಾನೆಯಲ್ಲಿ ಮಾಡಿದ ಇಂಜಿನ್ನನ್ನು ಯಾವ ವಿಭಾಗದ ಶೆಡ್ಡಿನಲ್ಲಿ ಬೇಕಾದರೂ ರಿಪೇರಿ ಮಾಡಬಹುದಿತ್ತು.

ಯುದ್ಧದ ಗುರುತು ಇಂಜಿನ್ನಿನ ಮೈಮೇಲೂ ಇದೆ. ಕುಲುಮೆಯ ಒಳಗೋಡೆಗೆ ತಾಮ್ರ ಹಾಕುವುದು ಮೊದಲಿಂದ ನಡೆದುಬಂದ ಪದ್ಧತಿ, ಅದು ಶಾಖವನ್ನು ಚೆನ್ನಾಗಿ ನೀರಿಗೆ ದಾಟಿಸುತ್ತದೆ. ಯುದ್ಧದಲ್ಲಿ ತಾಮ್ರ ಸಿಗದ ಹಾಗಾಯಿತು. ಉಕ್ಕಿನ ಕುಲುಮೆ ಹಾಕಿದರು.

ಯುದ್ಧ 1918ಕ್ಕೇ ಮುಗಿಯಿತಲ್ಲ. 1921ರವರೆಗೆ ಯಾಕೆ ಮಾಡಿದರು?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕೆಂದರೆ ಬರೀ ನಕ್ಷೆ, ಅಂಕಿ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ.

1918ರ ನವೆಂಬರ್ 11ರಂದು ಕೊಂಪಿಯೇನ್ ಕಾಡಿನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಅದರ ಷರತ್ತುಗಳಲ್ಲಿ ಒಂದು: ಜರ್ಮನಿ 5,000 ಇಂಜಿನ್ ಮತ್ತು 1,50,000 ವ್ಯಾಗನ್‌ಗಳನ್ನು ಗೆದ್ದವರಿಗೆ ಒಪ್ಪಿಸಬೇಕು. ಹಳೇ ಗುಜರಿ ಅಲ್ಲ, ಓಡುವ ಸ್ಥಿತಿಯಲ್ಲಿರಬೇಕು. ಗೆದ್ದವರ ಕಡೆಯ ಅಧಿಕಾರಿಗಳು ಒಂದೊಂದನ್ನೂ ಪರೀಕ್ಷಿಸಿ, ಸರಿ ಇಲ್ಲದ್ದನ್ನು ಬೇಡ ಅಂದರು. ಹಾಗಾಗಿ ಹೋದದ್ದು ಹೊಸ, ಚೆನ್ನಾಗಿದ್ದ ಇಂಜಿನ್‌ಗಳೇ. ಜಿ 8.1ಗಳು ರಾಶಿ ರಾಶಿಯಾಗಿ ಗಡಿ ದಾಟಿದವು. ಉಳಿದದ್ದು ನಾಲ್ಕು ವರ್ಷ ಸರಿಯಾದ ರಿಪೇರಿ ಕಾಣದೆ ದುಡಿದು ಸೋತ ಇಂಜಿನ್‌ಗಳು.

ದೇಶದ ಒಳಗೆ ಕಲ್ಲಿದ್ದಲು, ಆಲೂಗಡ್ಡೆ ಸಾಗಿಸಲೂ ಪರದಾಟ. ಹೊಸ ಇಂಜಿನ್ ವಿನ್ಯಾಸ ಮಾಡುತ್ತಾ ಕೂರುವಷ್ಟು ವ್ಯವಧಾನ ಇರಲಿಲ್ಲ, ಗೊತ್ತಿರುವುದನ್ನೇ ಇನ್ನಷ್ಟು ಮಾಡಿ ಅಂದರು. ಸೈನ್ಯದಿಂದ ವಾಪಸ್ ಬಂದ ಕಾರ್ಮಿಕರಿಗೂ ಕೆಲಸ ಬೇಕಿತ್ತು. ಹೀಗೆ ಸೋತ ದೇಶದಲ್ಲಿ ಜಿ 8.1 ಇನ್ನೂ ಮೂರು ವರ್ಷ ಹುಟ್ಟುತ್ತಲೇ ಹೋಯಿತು.

ಹೊರದೇಶಕ್ಕೆ ಹೋದವು ಏನಾದವು?

ದುಡಿದವು, ಇನ್ನೇನು. ಬೆಲ್ಜಿಯಂನಲ್ಲಿ ಇವಕ್ಕೆ 81ನೇ ಟೈಪ್ ಅಂತ ಹೆಸರಾಯಿತು. ಫ್ರಾನ್ಸಿನ ಹಲವು ರೈಲ್ವೆಗಳಿಗೆ ಹಂಚಿಹೋದವು, ಆಮೇಲೆ ಎಲ್ಲ ಸೇರಿ ರಾಷ್ಟ್ರೀಯ ರೈಲ್ವೆ ಆದಾಗ 040 ಡಿ ಅನ್ನುವ ನಂಬರ್ ಪಡೆದವು. ಹೊಸದಾಗಿ ಹುಟ್ಟಿದ ಪೋಲೆಂಡಿಗೆ ಪ್ರಷ್ಯಾದ ಭೂಭಾಗದ ಜೊತೆ ಅಲ್ಲಿದ್ದ ಇಂಜಿನ್‌ಗಳೂ ಸೇರಿದವು. ಅಲ್ಲಿ ಜಿ 8ಕ್ಕೆ ಟಿಪಿ 3, ಜಿ 8.1ಕ್ಕೆ ಟಿಪಿ 4. ವಿಚಿತ್ರ ಅಂದರೆ, 1939ರಲ್ಲಿ ಮತ್ತೆ ಯುದ್ಧ ಬಂದು ಪೋಲೆಂಡ್, ಬೆಲ್ಜಿಯಂಗಳು ಜರ್ಮನಿಯ ಕೈಗೆ ಬಿದ್ದಾಗ ಇವುಗಳಲ್ಲಿ ಎಷ್ಟೋ ಇಂಜಿನ್‌ಗಳು ತಿರುಗಿ ಜರ್ಮನ್ ರೈಲ್ವೆಯ ಪಟ್ಟಿಗೆ ಬಂದವು, 1945ರ ನಂತರ ಮತ್ತೆ ಚದುರಿದವು. ಒಂದೇ ಇಂಜಿನ್ನಿಗೆ ಮೂರು ನಾಲ್ಕು ನಂಬರ್ ಇರುವುದು ಇದಕ್ಕೇ.

55ನೇ ವರ್ಗ ಅನ್ನುತ್ತಾರಲ್ಲ, ಅದೇ ಇದಾ?

ಹೌದು. 1920ರಲ್ಲಿ ರಾಜ್ಯಗಳ ರೈಲ್ವೆಗಳೆಲ್ಲ ಒಂದಾಗಿ ರೈಖ್ಸ್‌ಬಾನ್ ಆಯಿತು. ನೂರಾರು ಬಗೆಯ ಇಂಜಿನ್, ನೂರು ರೀತಿಯ ನಂಬರ್. 1925ರಲ್ಲಿ ಎಲ್ಲಕ್ಕೂ ಹೊಸ ನಂಬರ್ ಕೊಟ್ಟರು. ಜಿ 8.1ಗಳು 55 2501ರಿಂದ ಶುರುವಾದವು, ಮೂರು ಸಾವಿರಕ್ಕೂ ಜಾಸ್ತಿ ಇದ್ದವು. ಮೆಕ್ಲೆನ್‌ಬುರ್ಗ್ ತಾನೇ ಕೊಂಡಿದ್ದ ಹತ್ತು ಇಂಜಿನ್‌ಗಳಿಗೆ ಪ್ರತ್ಯೇಕ ನಂಬರ್ ಬಂತು.

ಕ್ಯಾಬಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಬರಹ ಇರುತ್ತದೆ: ಜಿ 44.17. ಇದನ್ನು ಓದಲು ಕಲಿತರೆ ಇಂಜಿನ್ನಿನ ಜಾತಕವೇ ಕೈಗೆ ಸಿಕ್ಕ ಹಾಗೆ. ಜಿ ಅಂದರೆ ಗೂಡ್ಸ್. ಮೊದಲ 4 ಅಂದರೆ ದುಡಿಯುವ ಅಚ್ಚು ನಾಲ್ಕು. ಎರಡನೇ 4 ಅಂದರೆ ಒಟ್ಟು ಅಚ್ಚೂ ನಾಲ್ಕೇ. 17 ಅಂದರೆ ಅಚ್ಚಿನ ಭಾರ, ಟನ್‌ನಲ್ಲಿ. ಜಿ 8ರ ಮೇಲೆ ಜಿ 44.14 ಅಂತಿರುತ್ತದೆ. ಇಬ್ಬರ ನಡುವಿನ ವ್ಯತ್ಯಾಸ ಆ ಮೂರು ಟನ್ನೇ.

ಜಿ 10, ಜಿ 12 ಅಂತಲೂ ಇವೆಯಲ್ಲ. ಅವಕ್ಕೂ ಇದಕ್ಕೂ ಏನು ಸಂಬಂಧ?

ಜಿ 10 ಬಂದದ್ದು 1910ರಲ್ಲಿ, ಅಂದರೆ ಜಿ 8.1ಗಿಂತ ಮೊದಲೇ. ಐದು ಅಚ್ಚು. ಬಾಯ್ಲರ್ ಪಿ 8ರದು, ಕೆಳಗಿನ ಗಾಲಿಯ ಭಾಗ ಟಿ 16 ಅನ್ನುವ ಇಂಜಿನ್ನಿನದು. ಇರುವುದನ್ನೇ ಜೋಡಿಸಿ ಹೊಸದು ಮಾಡಿದ ಜಾಣತನ. ಹೆಚ್ಚುಕಡಿಮೆ ಅಷ್ಟೇ ತೂಕ ಐದು ಅಚ್ಚಿಗೆ ಹಂಚಿದ್ದರಿಂದ ಒಂದೊಂದರ ಮೇಲೆ 15 ಟನ್ ಮಾತ್ರ. ಜಿ 8.1 ಕಾಲಿಡಲಾಗದ ಮಾರ್ಗಗಳಲ್ಲಿ ಜಿ 10 ಹೋಗುತ್ತಿತ್ತು. ಇದು ರೊಮೇನಿಯಾದಲ್ಲಿ ತುಂಬಾ ಹೆಸರು ಮಾಡಿತು, ಅಲ್ಲಿನ ಕಾರ್ಖಾನೆಗಳಲ್ಲೇ ತಯಾರಾಯಿತು.

ಜಿ 12ರ ಕಥೆ ಬೇರೆ. ಯುದ್ಧದಲ್ಲಿ ಪ್ರಷ್ಯಾ, ಬಾಡೆನ್, ಸ್ಯಾಕ್ಸನಿ, ವುರ್ಟೆಂಬೆರ್ಗ್ ರಾಜ್ಯಗಳ ಇಂಜಿನ್‌ಗಳು ಒಂದರ ಶೆಡ್ಡಿಗೆ ಇನ್ನೊಂದು ಬರತೊಡಗಿದವು. ಬಿಡಿಭಾಗ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಎಲ್ಲರಿಗೂ ಆಗುವ ಒಂದೇ ಇಂಜಿನ್ ಬೇಕು ಅನ್ನುವ ಒತ್ತಾಯದಲ್ಲಿ 1917ರಲ್ಲಿ ಇದು ಬಂತು. ಐದು ದುಡಿಯುವ ಅಚ್ಚು, ಮುಂದೆ ಒಂದು ಸಣ್ಣ ಅಚ್ಚು, ಮೂರು ಸಿಲಿಂಡರ್. ಸುಮಾರು 1,500 ತಯಾರಾದವು. ಇದರಿಂದ ಒಂದು ಅಚ್ಚು ತೆಗೆದು ಜಿ 8.3 ಮತ್ತು ಜಿ 8.2 ಮಾಡಿದರು. ಹೆಸರು ನೋಡಿ ಅವು ಜಿ 8.1ರ ತಮ್ಮಂದಿರು ಅಂದುಕೊಳ್ಳಬೇಡಿ, ಅವು ಜಿ 12ರ ಮಕ್ಕಳು.

ತಂತ್ರಜ್ಞಾನ ನೋಡಿದರೆ ಜಿ 12 ಮುಂದಿದೆ, ನಿಜ. ಆದರೆ ನನಗೆ ಕೇಳಿದರೆ ಜಿ 8.1ರದೇ ಒಂದು ಕೈ ಮೇಲು. ಮೂರನೇ ಸಿಲಿಂಡರ್ ಚೌಕಟ್ಟಿನ ಒಳಗೆ ಇರುವುದರಿಂದ ಅದರ ಕೀಲುಗಳಿಗೆ ಎಣ್ಣೆ ಹಾಕಲು ಇಂಜಿನ್ನಿನ ಕೆಳಗೆ ನುಗ್ಗಬೇಕು. ದಿನಾ ಬೆಳಗ್ಗೆ ಆ ಕೆಲಸ ಮಾಡುವವನ ಕಡೆಯಿಂದ ಯೋಚಿಸಿ ನೋಡಿ.

ಕೊನೇವರೆಗೂ ಎಷ್ಟು ಕಾಲ ಓಡಿದವು?

ಎರಡನೇ ಮಹಾಯುದ್ಧದ ನಂತರ ಜರ್ಮನಿ ಎರಡಾಯಿತು, ಎರಡೂ ಕಡೆ ಈ ಇಂಜಿನ್‌ಗಳಿದ್ದವು. ದೂರದ ಗಾಡಿಗಳನ್ನು 44, 50ನೇ ವರ್ಗದ ಇಂಜಿನ್‌ಗಳು ವಹಿಸಿಕೊಂಡಿದ್ದವು. ಜಿ 8.1 ಹೆಚ್ಚಾಗಿ ಯಾರ್ಡಿಗೆ ಬಂತು, ಶಂಟಿಂಗ್ ಕೆಲಸಕ್ಕೆ. ಅಲ್ಲಿ ವೇಗ ಬೇಕಿಲ್ಲ, ಓಲಾಟದ ಪ್ರಶ್ನೆ ಇಲ್ಲ, ನಿಂತ ಗಾಡಿಯನ್ನು ಎಳೆಯುವ ತೂಕ ಬೇಕು ಅಷ್ಟೇ. ಹಳೇ ದೋಷ ಕಾಣದ, ಹಳೇ ಗುಣ ಮಾತ್ರ ಬೇಕಾದ ಜಾಗ ಅದು. 1968ರಲ್ಲಿ ಪಶ್ಚಿಮ ಜರ್ಮನಿಯ ರೈಲ್ವೆ ಕಂಪ್ಯೂಟರಿಗೆ ಹೊಂದುವ ನಂಬರ್ ಕೊಟ್ಟಾಗಲೂ ಇವು ಇನ್ನೂ ಪಟ್ಟಿಯಲ್ಲಿದ್ದವು, 055 ಅಂತಾದವು. ಅಲ್ಲಿನ ಕೊನೆಯದು 1972ರ ಡಿಸೆಂಬರಿನಲ್ಲಿ ಸೇವೆಯಿಂದ ಹೊರಬಂತು.

ಈಗ ಎಲ್ಲಾದರೂ ನೋಡಲು ಸಿಗುತ್ತಾ?

ಸಿಗುತ್ತದೆ. ರೂರ್ ಪ್ರದೇಶದ ಬೋಖುಂ ಡಾಲ್‌ಹೌಸೆನ್ ರೈಲ್ವೆ ಮ್ಯೂಸಿಯಂನಲ್ಲಿ 55 3345 ಇದೆ. ಅಲ್ಲಿಗೆ ಹೋದರೆ ಮೊದಲು ಮುಂಭಾಗಕ್ಕೆ ಹೋಗಿ, ಸಿಲಿಂಡರ್ ಪಕ್ಕ ನಿಂತು ಮೊದಲನೇ ಚಕ್ರ ಎಷ್ಟು ಹಿಂದಿದೆ ನೋಡಿ. ಮೇಲೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುತ್ತದೆ.

ಇದರ ಅಣ್ಣ ಜಿ 8 ನೋಡಬೇಕಾದರೆ ಡಾರ್ಮ್‌ಶ್ಟಾಟ್ ಕ್ರಾನಿಶ್‌ಟೈನ್ ಮ್ಯೂಸಿಯಂಗೆ ಹೋಗಬೇಕು. ಆ ಇಂಜಿನ್ "4981 ಮೈನ್ಸ್". ಹನೊಮಾಗ್ 1913ರಲ್ಲಿ ಮಾಡಿದ್ದು. ಟರ್ಕಿಗೆ ಹೋಗಿ ಅಲ್ಲಿನ ರೈಲ್ವೆಯಲ್ಲಿ ದಶಕಗಟ್ಟಲೆ ದುಡಿದು, ಕೊನೆಗೆ ಜರ್ಮನಿಯ ಹವ್ಯಾಸಿಗಳ ಪ್ರಯತ್ನದಿಂದ ವಾಪಸ್ ಬಂದಿದೆ. ಎರಡೂ ಕಡೆ ಹೋಗುವ ಅವಕಾಶ ಇದ್ದವರು ಎರಡನ್ನೂ ನೋಡಿ, ಬಾಯ್ಲರಿನ ಗಾತ್ರ ಹೋಲಿಸಿ.

ಹೋಗಲು ಆಗದವರಿಗೆ ಮಾಡೆಲ್‌ಗಳಿವೆ. ಫ್ಲೈಶ್‌ಮನ್ ಕಂಪನಿಯ 55ನೇ ವರ್ಗದ ಮಾಡೆಲ್ ಬಹಳ ವರ್ಷದಿಂದ ಹವ್ಯಾಸಿಗಳ ಮನೆಯಲ್ಲಿ ಓಡುತ್ತಿದೆ.

ಹಳೇ ಫೋಟೋದಲ್ಲಿ ಇದು ಜಿ 8.1 ಅಂತ ಗುರುತು ಹಿಡಿಯುವುದು ಹೇಗೆ?

ಚಕ್ರ ಎಣಿಸಿ. ಒಂದೇ ಗಾತ್ರದ ನಾಲ್ಕು ಚಕ್ರ, ಮುಂದೆ ಸಣ್ಣದು ಇಲ್ಲ ಅಂದರೆ ಜಿ 7, ಜಿ 8 ಅಥವಾ ಜಿ 8.1 ಇರಬಹುದು. ಐದು ಇದ್ದು ಸಣ್ಣದು ಇಲ್ಲದಿದ್ದರೆ ಜಿ 10 ಇರಬಹುದು. ಐದರ ಮುಂದೆ ಸಣ್ಣದೊಂದು ಇದ್ದರೆ ಜಿ 12 ಇರಬಹುದು. ನಾಲ್ಕರ ಮುಂದೆ ಸಣ್ಣದಿದ್ದರೆ ಸ್ವಲ್ಪ ತಾಳಿ, ಅದು ಜಿ 8.2 ಇರಬಹುದು, ಜಿ 8.3 ಇರಬಹುದು, ಆಮೇಲೆ ಚಕ್ರ ಸೇರಿಸಿದ ಜಿ 8.1 ಕೂಡ ಇರಬಹುದು. ಆಗ ನಂಬರ್ ಫಲಕ ಓದುವುದೇ ದಾರಿ. 1925ರ ನಂತರದ ಫೋಟೋ ಆಗಿದ್ದರೆ, 55ರ ಮುಂದಿನ ಅಂಕಿ 2501ರಿಂದ 5622ರ ಒಳಗೆ ಇದೆಯಾ ನೋಡಿ. ಇದ್ದರೆ ಅದು ಜಿ 8.1.